ಮೂರನೆಯ ದಿನದ ಇಂಜೆಕ್ಷನ್

ಅಕ್ಕನ ಮಗಳಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಬಿ.ಪಿ. ಏರುತ್ತಲೇ ಹೋಗಿ ತಾಯಿಯ ಜೀವಕ್ಕೇ ಕುತ್ತು ಬಂದಾಗ ಸಿಸೇರಿಯನ್ ಮಾಡಿ ಮಗುವನ್ನು ಹೊರತೆಗೆದರು. 30 ವಾರದ ಕೂಸು, ತೂಕ 1,180 ಗ್ರಾಂ. ಮೂರನೆಯ ದಿನ ಬೆಳಿಗ್ಗೆ ಎನ್‌ಐಸಿಯು ಬಾಗಿಲಿಗೆ ಬಂದ ಡಾಕ್ಟರು, "ಬ್ಲಡ್ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ. ಇವತ್ತಿಂದ ಆಂಟಿಬಯೋಟಿಕ್ ನಿಲ್ಲಿಸ್ತಾ ಇದ್ದೀವಿ" ಅಂದರು. ಅಕ್ಕನ ಮುಖ ಬಾಡಿತು. "ಇಷ್ಟು ಬೇಗ ಯಾಕೆ ಡಾಕ್ಟ್ರೇ? ಇನ್ನೊಂದು ನಾಲ್ಕು ದಿನ ಇರಲಿ ಬಿಡಿ. ಇಷ್ಟೇ ಇಷ್ಟಿದೆ ಮಗು, ಏನಾದ್ರೂ ಆದ್ರೆ?"

ನಾನೂ ಪಕ್ಕದಲ್ಲೇ ನಿಂತಿದ್ದೆ, ನನಗೂ ಅದೇ ಅನ್ನಿಸಿತ್ತು. ಔಷಧ ಕೊಟ್ಟರೆ ಕಾವಲು, ನಿಲ್ಲಿಸಿದರೆ ಮಗುವನ್ನು ಬಯಲಿಗೆ ಬಿಟ್ಟಂತೆ. "ಇರಲಿ ಬಿಡಿ" ಅನ್ನುವ ಈ ಮಾತನ್ನು ಅಜ್ಜಿಯರಷ್ಟೇ ಅಲ್ಲ, ದಶಕಗಳ ಕಾಲ ನವಜಾತ ಶಿಶು ತಜ್ಞರೂ ತಮಗೆ ತಾವೇ ಹೇಳಿಕೊಂಡು ಬಂದಿದ್ದಾರೆ. ಆ ನಾಲ್ಕು ದಿನ ನಿಜಕ್ಕೂ ಕಾವಲೇ, ಅಥವಾ ಅದರಿಂದಲೇ ಮಗುವಿನ ಕರುಳಿಗೆ ಕೇಡಾಗುತ್ತದೆಯೇ ಎಂಬುದನ್ನು ಗಂಭೀರವಾಗಿ ಲೆಕ್ಕ ಹಾಕಿ ನೋಡಲು ಶುರುವಾಗಿ ಇನ್ನೂ ಎರಡು ದಶಕವೂ ತುಂಬಿಲ್ಲ. ಆ ಲೆಕ್ಕ ಎಲ್ಲಿಗೆ ಬಂದು ನಿಂತಿದೆ ಎಂದು ಹುಡುಕಿ ಓದಿದೆ. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕಾಯಿಲೆಯ ವಿಷಯ. ಅದರ ಹೆಸರು ನೆಕ್ರೊಟೈಸಿಂಗ್ ಎಂಟೆರೊಕೊಲೈಟಿಸ್. ವಾರ್ಡಿನಲ್ಲಿ ಎಲ್ಲರೂ ಚಿಕ್ಕದಾಗಿ "ನೆಕ್" ಅನ್ನುತ್ತಾರೆ. ಕರುಳಿನ ಗೋಡೆ ಉರಿಯೂತದಿಂದ ಕೆಂಪಾಗಿ, ರಕ್ತ ಸಂಚಾರ ಸೊರಗಿ, ಅಲ್ಲಲ್ಲಿ ಸತ್ತು ಕೊಳೆಯುವ ರೋಗ ಇದು. ಸಣ್ಣ ಕರುಳಿನ ಕೊನೆಯ ಭಾಗ, ಅದಕ್ಕೆ ಅಂಟಿದ ದೊಡ್ಡ ಕರುಳಿನ ಆರಂಭ, ಇಲ್ಲೇ ಇದರ ಹಾವಳಿ ಹೆಚ್ಚು. 1,500 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳಲ್ಲಿ ನೂರಕ್ಕೆ ಐದರಿಂದ ಹತ್ತು ಮಕ್ಕಳನ್ನು ಇದು ಹಿಡಿಯುತ್ತದೆ. ಹಿಡಿದ ಮಕ್ಕಳಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಉಳಿಯುವುದಿಲ್ಲ. ಶಸ್ತ್ರಚಿಕಿತ್ಸೆಯ ಹಂತಕ್ಕೆ ಹೋದರೆ ಸಾವು ಅರ್ಧಕ್ಕೆ ಹತ್ತಿರ. ಬದುಕಿದ ಕೆಲವು ಮಕ್ಕಳಿಗೆ ಕತ್ತರಿಸಿ ಉಳಿದ ಗಿಡ್ಡ ಕರುಳಿನಲ್ಲೇ ಜೀವನ ಸಾಗಬೇಕು.

ಭಯ ಹುಟ್ಟಿಸುವುದು ಇದು ಬರುವ ಹೊತ್ತು. ಹುಟ್ಟಿದ ಕೂಡಲೇ ಬರುವುದಿಲ್ಲ. ಉಸಿರಾಟ ಹಿಡಿತಕ್ಕೆ ಬಂದು, ಹಾಲು ಸ್ವಲ್ಪ ಸ್ವಲ್ಪ ಒಗ್ಗುತ್ತಾ, ಇನ್ನೇನು ಗೆದ್ದೆವು ಅನ್ನುವ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಬರುತ್ತದೆ. ಸಿಸ್ಟರ್ ಹಾಲಿನ ನಳಿಕೆಯಿಂದ ಹಿಂದಕ್ಕೆಳೆದು ನೋಡಿದಾಗ ಬಿಳಿಯ ಬದಲು ಹಸಿರು ದ್ರವ ಬರುತ್ತದೆ. ಹೊಟ್ಟೆಯ ಸುತ್ತ ಟೇಪು ಹಿಡಿದರೆ ನಿನ್ನೆಗಿಂತ ಎರಡು ಸೆಂಟಿಮೀಟರ್ ಜಾಸ್ತಿ. ಹೊಟ್ಟೆಯ ಚರ್ಮ ಬಿಗಿದು ಹೊಳೆಯುತ್ತದೆ, ಮಲದಲ್ಲಿ ರಕ್ತದ ಎಳೆ. ಎಕ್ಸ್‌ರೇ ತೆಗೆದರೆ ಕರುಳಿನ ಗೋಡೆಯ ಒಳಗೇ ಗಾಳಿಯ ಸಣ್ಣ ಗುಳ್ಳೆಗಳ ಸಾಲು ಕಾಣುತ್ತದೆ. ಅದು ಸೂಕ್ಷ್ಮಜೀವಿಗಳು ಹೊರಬಿಟ್ಟ ಅನಿಲ. ಈ ಲಕ್ಷಣಗಳನ್ನು ಹಂತಗಳಾಗಿ ವಿಂಗಡಿಸಿ 1978ರಲ್ಲಿ ಮಾರ್ಟಿನ್ ಬೆಲ್ ಮತ್ತು ಜೊತೆಗಾರರು ಕೊಟ್ಟ ಪಟ್ಟಿ, ಸ್ವಲ್ಪ ತಿದ್ದುಪಡಿಯಾಗಿ, ಇವತ್ತಿಗೂ ಬಳಕೆಯಲ್ಲಿದೆ. ಒಮ್ಮೆ ರೋಗ ಬಂತೆಂದರೆ ಹಾಲು ಬಂದ್, ಹೊಟ್ಟೆಯ ಗಾಳಿ ತೆಗೆಯಲು ನಳಿಕೆ, ಜೊತೆಗೆ ಒಂದೆರಡು ವಾರ ಆಂಟಿಬಯೋಟಿಕ್. ಆ ಹಂತದಲ್ಲಿ ಔಷಧದ ಬಗ್ಗೆ ಯಾರ ತಕರಾರೂ ಇಲ್ಲ. ಪ್ರಶ್ನೆ ಇರುವುದು ರೋಗ ಬರುವುದಕ್ಕೆ ಮುಂಚಿನ ದಿನಗಳದ್ದು.

ಹುಟ್ಟಿದ ಮೊದಲ ಗಂಟೆಯಲ್ಲೇ ಈ ಮಕ್ಕಳಿಗೆ ಆಂಟಿಬಯೋಟಿಕ್ ಯಾಕೆ ಶುರುವಾಗುತ್ತದೆ? ದಿನ ತುಂಬುವ ಮೊದಲೇ ಹೆರಿಗೆಯಾಗಲು ಎಷ್ಟೋ ಸಲ ಗರ್ಭಕೋಶದೊಳಗಿನ ಸೋಂಕೇ ಕಾರಣ. ಆ ಸೋಂಕು ಮಗುವಿನ ರಕ್ತಕ್ಕೆ ಇಳಿದಿದ್ದರೆ ಗಂಟೆಗಳಲ್ಲಿ ಜೀವ ಹೋಗಬಹುದು. ರಕ್ತಕ್ಕಿಳಿದ ಈ ನಂಜಿನ ಲಕ್ಷಣಗಳೋ, ಏದುಸಿರು, ಮೈ ತಣ್ಣಗಾಗುವುದು, ಹೃದಯದ ಬಡಿತ ತಪ್ಪುವುದು. ನಂಜಿಲ್ಲದ ಸಣ್ಣ ಮಗುವಿನಲ್ಲೂ ಇವೆಲ್ಲ ಇದ್ದೇ ಇರುತ್ತವೆ. ನೋಡಿ ಹೇಳಲು ಆಗುವುದಿಲ್ಲ. ಹಾಗಾಗಿ ರಕ್ತ ತೆಗೆದು ಕಲ್ಚರ್‌ಗೆ ಕಳಿಸಿ, ಉತ್ತರ ಬರುವವರೆಗೆ ಸಾಮಾನ್ಯವಾಗಿ ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಕೊಡುವುದು ರೂಢಿ. ಅಮೆರಿಕದ 297 ಘಟಕಗಳ ಲೆಕ್ಕವನ್ನು 2018ರಲ್ಲಿ ಪ್ರಕಟಿಸಿದಾಗ, 1,500 ಗ್ರಾಂಗಿಂತ ಕಡಿಮೆ ತೂಕದ ನೂರು ಮಕ್ಕಳಲ್ಲಿ ಸುಮಾರು 79 ಮಕ್ಕಳಿಗೆ, 1,000 ಗ್ರಾಂಗಿಂತ ಕಡಿಮೆ ಇದ್ದವರಲ್ಲಿ 87 ಮಕ್ಕಳಿಗೆ ಹುಟ್ಟಿದೊಡನೆ ಆಂಟಿಬಯೋಟಿಕ್ ಸಿಕ್ಕಿದ್ದು ಗೊತ್ತಾಯಿತು. ಅದೇ ದೇಶದಲ್ಲಿ ಇಂಥ ಮಕ್ಕಳಲ್ಲಿ ಮೊದಲ ಮೂರು ದಿನದೊಳಗೆ ಕಲ್ಚರ್‌ನಲ್ಲಿ ಖಚಿತವಾಗುವ ನಂಜು ನೂರಕ್ಕೆ ಒಂದೆರಡು ಮಕ್ಕಳಲ್ಲಿ ಮಾತ್ರ. ಆ ಒಂದೆರಡು ಮಕ್ಕಳ ಜೀವ ಉಳಿಸಲು ಉಳಿದವರೆಲ್ಲರಿಗೂ ಔಷಧ ಕೊಡುವುದು ಎರಡು ದಿನದ ಮಟ್ಟಿಗೆ ಒಪ್ಪಬಹುದಾದ ಬೆಲೆ ಎಂದೇ ನಾನೂ ನಂಬುತ್ತೇನೆ. ಆದರೆ ಕಲ್ಚರ್ ಶುದ್ಧವಾಗಿ ಬಂದಮೇಲೂ ಔಷಧ ಐದು, ಏಳು, ಹತ್ತು ದಿನ ನಡೆಯುತ್ತಲೇ ಹೋದರೆ?

ಈ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಎತ್ತಿದ್ದು 2009ರಲ್ಲಿ ಮೈಕೆಲ್ ಕಾಟನ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ. ಅಮೆರಿಕದ 19 ಕೇಂದ್ರಗಳಲ್ಲಿ 1998ರಿಂದ 2001ರವರೆಗೆ ಹುಟ್ಟಿದ, 1,000 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳ ದಾಖಲೆಗಳನ್ನು ಅವರು ಜಾಲಾಡಿದರು. ಐದು ದಿನ ದಾಟಿ ಬದುಕಿದ, ಕಲ್ಚರ್ ಶುದ್ಧವಾಗಿದ್ದ 4,039 ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಐದು ದಿನ ಅಥವಾ ಅದಕ್ಕೂ ಮೀರಿ ಔಷಧ ನಡೆದಿತ್ತು. ಹಾಗೆ ನಡೆದವರಲ್ಲಿ ನೆಕ್ ಅಥವಾ ಸಾವಿನ ಸಂಭವ ಹೆಚ್ಚಿತ್ತು, ಮತ್ತು ಔಷಧದ ಒಂದೊಂದು ದಿನ ಹೆಚ್ಚಿದಂತೆ ಅದೂ ಏರುತ್ತಿತ್ತು. ನನ್ನನ್ನು ಬೆಚ್ಚಿಬೀಳಿಸಿದ್ದು ಅದೇ ವರದಿಯ ಇನ್ನೊಂದು ಸಂಖ್ಯೆ. ಹೀಗೆ ಔಷಧ ಮುಂದುವರಿಸುವ ಪ್ರಮಾಣ ಒಂದು ಆಸ್ಪತ್ರೆಯಲ್ಲಿ ನೂರಕ್ಕೆ 27 ಇದ್ದರೆ ಇನ್ನೊಂದರಲ್ಲಿ 85. ಮಕ್ಕಳು ಅಂಥವೇ, ಕಲ್ಚರ್ ಫಲಿತಾಂಶವೂ ಒಂದೇ. ಬೇರೆ ಇದ್ದದ್ದು ಆಸ್ಪತ್ರೆಯ ರೂಢಿ.

2011ರಲ್ಲಿ ಎರಡು ಅಧ್ಯಯನಗಳು ಇದರ ಬೆನ್ನಿಗೆ ಬಂದವು. ಯೇಲ್‌ನಲ್ಲಿ ನೆಕ್ ಬಂದ 124 ಮಕ್ಕಳನ್ನು ಬರದ 248 ಮಕ್ಕಳ ಜೊತೆ ಹೋಲಿಸಿದಾಗ, ನಂಜಿಲ್ಲದಿದ್ದರೂ ಹತ್ತು ದಿನಕ್ಕಿಂತ ಹೆಚ್ಚು ಔಷಧ ಪಡೆದವರಲ್ಲಿ ನೆಕ್ ಸಂಭವ ಸುಮಾರು ಮೂರು ಪಟ್ಟು ಕಂಡಿತು. ಸಿನ್ಸಿನಾಟಿಯಲ್ಲಿ 365 ಮಕ್ಕಳನ್ನು ನೋಡಿದ ತಂಡ, ಮೊದಲ ವಾರದಲ್ಲಿ ಐದು ದಿನ ಮೀರಿ ಔಷಧ ಪಡೆದವರಿಗೆ ಆಮೇಲೆ ನಂಜಾಗುವ ಸಂಭವವೇ ಹೆಚ್ಚು ಎಂದು ತೋರಿಸಿತು. ಯಾವುದನ್ನು ತಡೆಯಲೆಂದು ಔಷಧ ಕೊಟ್ಟರೋ ಅದೇ ಹಿಂಬಾಗಿಲಿನಿಂದ ಬಂದಂತೆ.

ಇಲ್ಲಿ ಓದುಗರು ಒಂದು ಕ್ಷಣ ತಡೆಯಬೇಕು, ನಾನೂ ತಡೆದೆ. ಇವೆಲ್ಲ ಆಗಿಹೋದ ದಾಖಲೆಗಳನ್ನು ನೋಡಿ ಮಾಡಿದ ಲೆಕ್ಕ. ಛತ್ರಿ ಹೆಚ್ಚು ಕಂಡ ದಿನ ಮಳೆ ಹೆಚ್ಚಿತ್ತು ಎಂದಮಾತ್ರಕ್ಕೆ ಛತ್ರಿಯೇ ಮಳೆ ತಂದಿತು ಎನ್ನಲಾಗದು. ಡಾಕ್ಟರರ ಕಣ್ಣಿಗೆ ಯಾವ ಮಗು ಹೆಚ್ಚು ಸುಸ್ತಾಗಿ ಕಂಡಿತೋ ಅದಕ್ಕೇ ಔಷಧ ಮುಂದುವರಿದಿರಬಹುದು, ನೆಕ್ ಬಂದದ್ದೂ ಆ ಸುಸ್ತಿನ ಕಾರಣಕ್ಕೇ ಇರಬಹುದು. ಸಂಶೋಧಕರು ತೂಕ, ವಾರ, ಉಸಿರಾಟದ ತೊಂದರೆ ಎಲ್ಲವನ್ನೂ ಲೆಕ್ಕದಲ್ಲಿ ಸರಿದೂಗಿಸಲು ನೋಡುತ್ತಾರೆ. ಆದರೆ ಅನುಭವಿ ವೈದ್ಯರ ಕಣ್ಣಿಗೆ ಬಿದ್ದು ಕೇಸ್ ಶೀಟಿನಲ್ಲಿ ಬರೆಯದೆ ಉಳಿದದ್ದನ್ನು ಸರಿದೂಗಿಸುವುದು ಹೇಗೆ?

ಎದುರು ಸಾಕ್ಷ್ಯವೂ ಇದೆ. ಐದು ಖಂಡಗಳ 13 ಘಟಕಗಳ 2,831 ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಮೂರು ದಿನದೊಳಗೆ ಆಂಟಿಬಯೋಟಿಕ್ ಪಡೆದವರಲ್ಲಿ ನೆಕ್ ನೂರಕ್ಕೆ 3.9, ಪಡೆಯದವರಲ್ಲಿ 9.0. ತಲೆಕೆಳಗಾದ ಫಲಿತಾಂಶ! ಡೆನ್ಮಾರ್ಕಿನಲ್ಲಿ ಅವಧಿಗೆ ಮೊದಲೇ ಹುಟ್ಟಿಸಿದ ಹಂದಿಮರಿಗಳ ಮೇಲೆ ನಡೆದ ಪ್ರಯೋಗಗಳೂ ಇದೇ ಮಾತು ಹೇಳುತ್ತವೆ. ಹುಟ್ಟಿದ ಕೂಡಲೇ ಬಾಯಿಯ ಮೂಲಕ ಆಂಟಿಬಯೋಟಿಕ್ ಕೊಟ್ಟ ಮರಿಗಳಿಗೆ ನೆಕ್ ತಪ್ಪಿತು, ಸೂಜಿಯಲ್ಲಿ ಕೊಟ್ಟವಕ್ಕೆ ಆ ರಕ್ಷಣೆ ಸಿಗಲಿಲ್ಲ. ಮನುಷ್ಯರ ಮಕ್ಕಳಲ್ಲೂ ಹಿಂದೆ ಬಾಯಿಯ ಮೂಲಕ ಕೊಟ್ಟು ನೋಡಿದ್ದರು. ಅಂಥ ಐದು ಪ್ರಯೋಗಗಳನ್ನು, ಒಟ್ಟು 456 ಮಕ್ಕಳನ್ನು, ಒಟ್ಟುಗೂಡಿಸಿ 2001ರಲ್ಲಿ ಬಂದ ಕಾಕ್ರೇನ್ ಸಮೀಕ್ಷೆ ನೆಕ್ ಅರ್ಧಕ್ಕಿಳಿದದ್ದನ್ನು ತೋರಿಸಿತು. ಆದರೂ ಅದನ್ನು ರೂಢಿಗೆ ತನ್ನಿ ಎಂದು ಬರೆದವರು ಹೇಳಲಿಲ್ಲ. ಔಷಧಕ್ಕೆ ಬಗ್ಗದ ಸೂಕ್ಷ್ಮಜೀವಿಗಳು ವಾರ್ಡಿನಲ್ಲಿ ಬೇರೂರಿದರೆ ಮುಂದೆ ಏನು ಎಂಬ ಭಯ ಅವರದ್ದು. ಭಾರತದ ವಾರ್ಡುಗಳ ಇವತ್ತಿನ ಸ್ಥಿತಿ ನೋಡಿದರೆ ಆ ಭಯ ಎಷ್ಟು ಸರಿಯಾಗಿತ್ತು ಎನ್ನಿಸುತ್ತದೆ.

ಹಾಗಾದರೆ ಯಾವುದನ್ನು ನಂಬುವುದು? ಎರಡೂ ಕಡೆಯ ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಂಡದ್ದು, ಅವು ಮಾತಾಡುತ್ತಿರುವುದು ಬೇರೆ ಬೇರೆ ದಿನಗಳ ಬಗ್ಗೆ. ರಕ್ಷಣೆಯ ಮಾತು ಬರುವುದು ಮೊದಲ ಎರಡು ಮೂರು ದಿನದ ಔಷಧದ ಬಗ್ಗೆ. ಕೇಡಿನ ಮಾತು ಬರುವುದು ಐದನೆಯ ದಿನ ದಾಟಿದ ಮೇಲೆ. ಅಷ್ಟರಿಂದಲೇ ಜಗಳ ಪೂರ್ತಿ ಹರಿಯುವುದಿಲ್ಲ, ನಿಜ. ಆದರೆ ಶುರು ಮಾಡುವುದು ಬೇರೆ, ಮುಂದುವರಿಸುವುದು ಬೇರೆ. ಅವೆರಡನ್ನೂ ಒಂದೇ ನಿರ್ಧಾರ ಎಂದುಕೊಂಡದ್ದೇ ಇಷ್ಟು ದಿನದ ಗೊಂದಲದ ಮೂಲ ಎಂದು ನನಗೆ ತೋರುತ್ತದೆ.

ಇನ್ನು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗಗಳ ಸಾಕ್ಷ್ಯ. ಇದು ಬಂದದ್ದು ಮಕ್ಕಳಿಗಿಂತ ಮೊದಲು ತಾಯಂದಿರಿಂದ. ದಿನ ತುಂಬುವ ಮೊದಲೇ ನೆತ್ತಿನೀರು ಒಡೆದ 4,826 ಗರ್ಭಿಣಿಯರ ಮೇಲೆ ನಡೆದ ಆರಕಲ್ ಪ್ರಯೋಗದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ಸಾರಾ ಕೆನ್ಯನ್ ಮತ್ತು ಜೊತೆಗಾರರು ನಡೆಸಿದ ಪ್ರಯೋಗ ಅದು. ಕೆಲವರಿಗೆ ಎರಿತ್ರೊಮೈಸಿನ್, ಕೆಲವರಿಗೆ ಕೋ-ಅಮಾಕ್ಸಿಕ್ಲಾವ್, ಕೆಲವರಿಗೆ ಎರಡೂ, ಕೆಲವರಿಗೆ ಬರಿಯ ಹುಸಿ ಮಾತ್ರೆ. ಕೋ-ಅಮಾಕ್ಸಿಕ್ಲಾವ್ ತೆಗೆದುಕೊಂಡವರ ಮಕ್ಕಳಲ್ಲಿ ಖಚಿತ ನೆಕ್ ನೂರಕ್ಕೆ 1.9, ಹುಸಿ ಮಾತ್ರೆಯವರಲ್ಲಿ 0.5. ಇಲ್ಲಿ ಛತ್ರಿ–ಮಳೆಯ ಆಕ್ಷೇಪ ಎತ್ತುವಂತಿಲ್ಲ, ಯಾಕೆಂದರೆ ಯಾರಿಗೆ ಯಾವ ಔಷಧ ಎಂದು ತೀರ್ಮಾನಿಸಿದ್ದು ಚೀಟಿ. ಅಂದಿನಿಂದ ನೆತ್ತಿನೀರು ಬೇಗ ಒಡೆದ ತಾಯಂದಿರಿಗೆ ಆ ಔಷಧ ಬೇಡ ಎಂಬ ಸಲಹೆ ಜಾರಿಗೆ ಬಂತು. ಈ ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಕಂಡ ಸಾಕ್ಷ್ಯ ಇದು. ಔಷಧ ಯಾವುದು ಎಂಬುದೂ ಮುಖ್ಯ ಎನ್ನುವ ಪಾಠ ಇದರಲ್ಲಿದೆ. ಮಕ್ಕಳ ಮೇಲೆಯೇ ನೇರವಾಗಿ, ಔಷಧ ಕೊಟ್ಟು ಮತ್ತು ಕೊಡದೆ ಹೋಲಿಸಿದ ಪ್ರಯೋಗ ಫ್ಲಾರಿಡಾದಲ್ಲಿ ನಡೆಯಿತು. ಇದ್ದದ್ದು 98 ಮಕ್ಕಳು. ಇಂಥ ಪ್ರಯೋಗ ಸಾಧ್ಯ ಎಂದು ತೋರಿಸಿದ್ದೇ ಅದರ ಹಿರಿಮೆ, ತೀರ್ಪು ಹೇಳುವಷ್ಟು ಮಕ್ಕಳು ಅದರಲ್ಲಿರಲಿಲ್ಲ.

ಕೇಡು ನಡೆಯುವುದು ಹೇಗೆ? ತಾಯಿಯ ಹೊಟ್ಟೆಯಿಂದ ಹೊರಬಂದ ಕರುಳು ಆಗಷ್ಟೇ ಹದಮಾಡಿದ ಹೊಲದ ಹಾಗೆ. ದಿನ ತುಂಬಿದ ಮಗುವಿಗೆ ತಾಯಿಯ ಮೈ, ತಾಯಿಯ ಹಾಲು, ಅಪ್ಪಿ ಮುದ್ದಾಡುವವರ ಕೈಗಳಿಂದ ಬಿತ್ತನೆಯಾಗುತ್ತದೆ. ಬೈಫಿಡೊ ಮೊದಲಾದ ಸೌಮ್ಯ ಬ್ಯಾಕ್ಟೀರಿಯಾಗಳು ಬೇರುಬಿಡುತ್ತವೆ. ಎನ್‌ಐಸಿಯು ಕೂಸಿಗೆ ಸಿಗುವುದು ನಳಿಕೆ, ಸೂಜಿ, ಗ್ಲೌಸು ಹಾಕಿದ ಕೈ. ಅದರ ಮೇಲೆ ಆಂಟಿಬಯೋಟಿಕ್. ಬಿತ್ತನೆ ತಪ್ಪಿದ ಹೊಲದಲ್ಲಿ ಮೊದಲು ಏಳುವುದು ಕಳೆ. ಕರುಳಿನಲ್ಲಿ ಆ ಕಳೆ ಎಂದರೆ ಕ್ಲೆಬ್ಸಿಯೆಲ್ಲಾ, ಎಂಟೆರೊಬ್ಯಾಕ್ಟರ್, ಇ. ಕೊಲೈ ಬಳಗ. ನೆಕ್ ಬಂದ ಮಕ್ಕಳ ಮಲವನ್ನು ರೋಗಕ್ಕೆ ಮುಂಚಿನ ದಿನಗಳಿಂದಲೂ ಕೂಡಿಟ್ಟು ಪರೀಕ್ಷಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯಲ್ಲಿ ಕಂಡದ್ದು ಇದೇ. ರೋಗ ಬರುವ ಮೊದಲೇ ಈ ಬಳಗ ಹೆಚ್ಚಿರುತ್ತದೆ, ಉಳಿದವು ಸೊರಗಿರುತ್ತವೆ.

ಈ ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿ ಒಂದು ಕೊಬ್ಬು–ಸಕ್ಕರೆಯ ಅಣು ಇದೆ. ಅದನ್ನು ಗುರುತಿಸಲು ಕರುಳಿನ ಕೋಶಗಳ ಮೇಲೆ ಟಿಎಲ್‌ಆರ್-4 ಎಂಬ ಗ್ರಾಹಕವಿದೆ. ಗರ್ಭದಲ್ಲಿ ಕರುಳು ಬೆಳೆಯಲು ಬೇಕಾದ ಗ್ರಾಹಕವೇ ಅದು, ದಿನ ತುಂಬುವ ಹೊತ್ತಿಗೆ ಇಳಿಯಬೇಕು. ಬೇಗ ಹುಟ್ಟಿದ ಮಗುವಿನಲ್ಲಿ ಇನ್ನೂ ಇಳಿದಿರುವುದಿಲ್ಲ. ಡೇವಿಡ್ ಹ್ಯಾಕಮ್ ಮತ್ತು ಜೊತೆಗಾರರು ವರ್ಷಗಟ್ಟಲೆ ಇಲಿಗಳಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಗ್ರಾಹಕ ಕೆರಳಿದರೆ ಕರುಳಿನ ಕೋಶಗಳು ಸಾಯುತ್ತವೆ, ಗೋಡೆ ದುರಸ್ತಿಯಾಗದೆ ಉಳಿಯುತ್ತದೆ, ಸಣ್ಣ ರಕ್ತನಾಳಗಳು ಬಿಗಿಯುತ್ತವೆ. ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಪ್ರಾಣಿಗಳಿಗೆ ನೆಕ್ ಬರುವುದಿಲ್ಲ ಎಂಬುದೂ ಈ ಕಥೆಗೆ ಹೊಂದುತ್ತದೆ. ಹೊಟ್ಟೆಯ ಆಮ್ಲ ತಗ್ಗಿಸುವ ರ‍್ಯಾನಿಟಿಡಿನ್ ಜಾತಿಯ ಔಷಧಗಳಿಗೂ ನೆಕ್‌ಗೂ ನಂಟು ಕಂಡದ್ದು 2006ರಲ್ಲಿ. ಅಲ್ಲಿಯೂ ಕೆಡುವುದು ಅದೇ ಸೂಕ್ಷ್ಮಜೀವಿಗಳ ಸಮತೋಲ.

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ "ಇರಲಿ ಬಿಡಿ" ಎಂದು ಕೊಟ್ಟ ಔಷಧ ತಿರುಗಿಬಿದ್ದದ್ದು ಇದೇ ಮೊದಲಲ್ಲ. 1950ರ ದಶಕದ ನ್ಯೂಯಾರ್ಕಿನಲ್ಲಿ ಸೋಂಕು ತಡೆಯಲೆಂದು ಪೆನಿಸಿಲಿನ್ ಜೊತೆ ಸಲ್ಫಿಸೊಕ್ಸಜೋಲ್ ಕೊಡುತ್ತಿದ್ದರು. ವಿಲಿಯಂ ಸಿಲ್ವರ್‌ಮನ್ ತಂಡ ಅದನ್ನು ಇನ್ನೊಂದು ಔಷಧದ ಜೊತೆ ಹೋಲಿಸಿ 1956ರಲ್ಲಿ ಪ್ರಕಟಿಸಿದಾಗ, ಸಲ್ಫಾ ಪಡೆದ ಮಕ್ಕಳಲ್ಲಿ ಹೆಚ್ಚು ಸಾವು, ಕಾಮಾಲೆ ಮಿದುಳಿಗೇರಿದ ಪ್ರಕರಣಗಳೂ ಹೆಚ್ಚು. ಮೂರು ವರ್ಷದ ನಂತರ ಲಾಸ್ ಏಂಜಲೀಸ್‌ನಿಂದ ಕ್ಲೋರಾಂಫೆನಿಕಾಲ್ ಸುದ್ದಿ ಬಂತು. ಅಪಾಯದಲ್ಲಿದ್ದ ಅವಧಿಪೂರ್ವ ಮಕ್ಕಳಲ್ಲಿ ಏನೂ ಕೊಡದವರ ಪೈಕಿ ಸತ್ತವರು ನೂರಕ್ಕೆ 19, ಆ ಔಷಧ ಪಡೆದವರ ಪೈಕಿ 60. ಮೈ ಬೂದಿಬಣ್ಣಕ್ಕೆ ತಿರುಗಿ ಸಾಯುತ್ತಿದ್ದ ಆ ಮಕ್ಕಳನ್ನು ಸೋಂಕೇ ಕೊಂದಿತು ಎಂದು ಹೋಲಿಕೆಯ ಪ್ರಯೋಗ ನಡೆಯುವವರೆಗೂ ಎಲ್ಲರೂ ನಂಬಿದ್ದರು.

ಈಗ ನಮ್ಮ ದೇಶಕ್ಕೆ ಬರೋಣ, ಯಾಕೆಂದರೆ ಪ್ರಶ್ನೆ ಕಗ್ಗಂಟಾಗುವುದು ಇಲ್ಲಿ. 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮುಂಚೆ ಹುಟ್ಟಿದರು. ಜಗತ್ತಿನ ಇಂಥ ಹೆರಿಗೆಗಳಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ನಮ್ಮದೇ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ಎನ್‌ಐಸಿಯು ಸೇರಿದ 13,530 ಶಿಶುಗಳನ್ನು ಹಿಂಬಾಲಿಸಿದ ಅಧ್ಯಯನದಲ್ಲಿ ನೂರಕ್ಕೆ 14.3 ಮಕ್ಕಳಿಗೆ ನಂಜಾಗಿತ್ತು, 6.2 ಮಕ್ಕಳಲ್ಲಿ ಕಲ್ಚರ್ ಕೂಡ ಅದನ್ನು ಖಚಿತಪಡಿಸಿತ್ತು. ಅಮೆರಿಕದ ಒಂದೆರಡರ ಪಕ್ಕ ಈ ಸಂಖ್ಯೆ ಇಟ್ಟು ನೋಡಿ. ಹೆಚ್ಚಿನ ನಂಜು ಹುಟ್ಟಿದ 72 ಗಂಟೆಯೊಳಗೇ ಬಂದಿತ್ತು. ಮುಖ್ಯ ಅಪರಾಧಿಗಳು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೊಲೈ. ಅಸಿನೆಟೊಬ್ಯಾಕ್ಟರ್‌ಗಳಲ್ಲಿ ನೂರಕ್ಕೆ 82 ಹಲವು ಔಷಧಗಳಿಗೆ ಬಗ್ಗದವು. ಇಂಥ ವಾರ್ಡಿನಲ್ಲಿ ನಿಂತ ವೈದ್ಯರಿಗೆ ಅಮೆರಿಕದ ಲೆಕ್ಕ ಹೇಳಿ ಔಷಧ ನಿಲ್ಲಿಸಿ ಅನ್ನುವುದು ಸುಲಭವಲ್ಲ. ಅವರ ಕೈ ತಡೆಯುವುದನ್ನು ನಾನು ತಪ್ಪೆನ್ನಲಾರೆ.

ಆದರೆ ಇದೇ ಅಂಕಿಅಂಶದ ಇನ್ನೊಂದು ಮುಖವನ್ನೂ ನೋಡಬೇಕು. ಹನ್ನೊಂದು ದೇಶಗಳ 19 ಆಸ್ಪತ್ರೆಗಳಲ್ಲಿ ನಂಜಿನ ಶಂಕೆ ಇದ್ದ 3,204 ಶಿಶುಗಳನ್ನು ನೋಡಿದ ನಿಯೋಒಬ್ಸ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು, ಭಾರತವೂ ಅದರಲ್ಲಿತ್ತು. ಬಳಕೆಯಾಗುತ್ತಿದ್ದ ಆಂಟಿಬಯೋಟಿಕ್ ಜೋಡಣೆಗಳು 200ಕ್ಕೂ ಹೆಚ್ಚು. ಮೊದಲ ಸಾಲಿನ ಔಷಧ ಸೋತಿತು, ಎರಡನೆಯದಕ್ಕೆ ಹೋದರು, ಅದೂ ಸೋತಿತು, ಮೆರೊಪೆನೆಮ್‌ಗೆ, ಕೊಲಿಸ್ಟಿನ್‌ಗೆ ಹೋದರು. ಒಂದು ಮಗುವಿಗೆ ಅಗತ್ಯವಿಲ್ಲದೆ ನಡೆದ ನಾಲ್ಕು ದಿನದ ಔಷಧ ಆ ಮಗುವಿನ ಕರುಳಿನಲ್ಲಷ್ಟೇ ನಿಲ್ಲುವುದಿಲ್ಲ. ಅಲ್ಲಿ ಹದವಾದ ಮೊಂಡು ಬ್ಯಾಕ್ಟೀರಿಯಾ ಡಯಾಪರ್ ಬದಲಿಸಿದ ಕೈಯಿಂದ ಪಕ್ಕದ ವಾರ್ಮರ್‌ಗೆ ಹೋಗುತ್ತದೆ. ಅಲ್ಲಿ ಮಲಗಿರುವುದು ಇನ್ನೊಬ್ಬಳ ಕೂಸು.

ನಿಲ್ಲಿಸಲು ಧೈರ್ಯ ಬರಬೇಕಾದರೆ ಕಲ್ಚರ್ ಮೇಲೆ ನಂಬಿಕೆ ಬರಬೇಕು. ಇದರ ಕಷ್ಟ ಕಲ್ಚರ್ ಬಾಟಲಿಯನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಒಂದು ಕಿಲೋ ಮಗುವಿನ ಮೈಯಲ್ಲಿರುವ ರಕ್ತವೆಲ್ಲ ಸೇರಿದರೆ ಸುಮಾರು 90 ಮಿಲಿಲೀಟರ್, ಒಂದು ಸಣ್ಣ ಲೋಟ. ಅದರಿಂದ ಒಂದು ಮಿಲಿಲೀಟರ್ ಎಳೆಯಬೇಕು, ಕೂದಲೆಳೆಯಂಥ ನಾಳದಿಂದ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅಂಟದ ಹಾಗೆ. ಅರ್ಧ ಮಿಲಿಲೀಟರ್ ಸಿಕ್ಕಿ ಸಾಕು ಎಂದು ಬಿಟ್ಟರೆ ಆಮೇಲೆ ಬಂದ "ಏನೂ ಬೆಳೆದಿಲ್ಲ" ಎಂಬ ವರದಿಯನ್ನು ನಂಬಲು ಮನಸ್ಸು ಒಪ್ಪುವುದಿಲ್ಲ. ಸರಿಯಾಗಿ ತೆಗೆದ ರಕ್ತವನ್ನು ಯಂತ್ರದಲ್ಲಿಟ್ಟರೆ, ಬೆಳೆಯುವುದಿದ್ದರೆ ಹೆಚ್ಚುಕಡಿಮೆ ಎಲ್ಲವೂ 36ರಿಂದ 48 ಗಂಟೆಯೊಳಗೆ ಬೆಳೆದು ತೋರಿಸುತ್ತದೆ. ಜಿಲ್ಲಾ ಆಸ್ಪತ್ರೆಗಳ ವಿಶೇಷ ನವಜಾತ ಶಿಶು ಘಟಕಗಳಲ್ಲಿ (ಎಸ್‌ಎನ್‌ಸಿಯು) ವಾರ್ಮರ್, ಆಕ್ಸಿಜನ್, ಫೋಟೊಥೆರಪಿ ಬಂದಿವೆ. ಕಲ್ಚರ್ ಸೌಲಭ್ಯ ಮಾತ್ರ ಎಷ್ಟೋ ಕಡೆ ಕೈಗೆಟುಕುವಷ್ಟು ಹತ್ತಿರ ಬಂದಿಲ್ಲ. ಆ ಯಂತ್ರವನ್ನು ಲ್ಯಾಬಿನ ಲೆಕ್ಕಕ್ಕೆ ಸೇರಿಸುವುದಕ್ಕಿಂತ ಮಗುವಿನ ಚಿಕಿತ್ಸೆಯ ಲೆಕ್ಕಕ್ಕೇ ಸೇರಿಸಬೇಕು ಎಂಬುದು ನನ್ನ ಆಗ್ರಹ.

ನಿಲ್ಲಿಸಿದರೆ ಅನಾಹುತವಾಗುತ್ತದೆಯೇ? ಕ್ಯಾಲಿಫೋರ್ನಿಯಾದ 127 ಘಟಕಗಳ 2013ರ ಲೆಕ್ಕದಲ್ಲಿ, ಆಂಟಿಬಯೋಟಿಕ್ ನಡೆಯುತ್ತಿದ್ದ ದಿನಗಳ ಪಾಲು ಒಂದು ಘಟಕದಲ್ಲಿ ನೂರಕ್ಕೆ 2.4, ಇನ್ನೊಂದರಲ್ಲಿ 97.1. ಖಚಿತ ಸೋಂಕು, ನೆಕ್, ಸಾವು ಯಾವುದರಲ್ಲೂ ಈ ನಲವತ್ತು ಪಟ್ಟಿನ ವ್ಯತ್ಯಾಸಕ್ಕೆ ತಕ್ಕ ವ್ಯತ್ಯಾಸ ಇರಲಿಲ್ಲ. ಡಲ್ಲಾಸ್‌ನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ಒಂದು ಸರಳ ಬದಲಾವಣೆ ಮಾಡಿದರು. 48 ಗಂಟೆಗೆ ಕಂಪ್ಯೂಟರಿನಲ್ಲಿ ಆಂಟಿಬಯೋಟಿಕ್ ಆದೇಶ ತಾನೇ ಮುಗಿಯುತ್ತದೆ. ಮುಂದುವರಿಸಬೇಕಿದ್ದರೆ ವೈದ್ಯರು ಹೊಸದಾಗಿ ಬರೆಯಬೇಕು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಬಳಕೆ ನೂರಕ್ಕೆ 27ರಷ್ಟು ಇಳಿಯಿತು. ನನಗೆ ಇದರಲ್ಲಿ ಇಷ್ಟವಾದದ್ದು ಪ್ರಶ್ನೆಯ ದಿಕ್ಕು ಬದಲಾದದ್ದು. "ಯಾಕೆ ನಿಲ್ಲಿಸಿದಿರಿ?" ಎಂದು ಕೇಳುವವರು ಮನೆಯವರಿಂದ ಹಿಡಿದು ಹಿರಿಯ ವೈದ್ಯರವರೆಗೆ ಎಲ್ಲರೂ ಇದ್ದಾರೆ. "ಯಾಕೆ ಮುಂದುವರಿಸಿದಿರಿ?" ಎಂದು ಕೇಳುವವರು ಯಾರೂ ಇರಲಿಲ್ಲ. ಆ ಕಂಪ್ಯೂಟರು ಕೇಳಲು ಶುರು ಮಾಡಿತು.

ಇನ್ನೂ ಮುಂದೆ ಹೋಗಿ, ಕೆಲವು ಮಕ್ಕಳಿಗೆ ಶುರುವೇ ಬೇಡ ಎಂಬ ಮಾತೂ ಇದೆ. ಕ್ಯಾರೆನ್ ಪುಪೋಲೊ ಮತ್ತು ಜೊತೆಗಾರರ ಕೆಲಸದ ಮೇಲೆ ನಿಂತ 2018ರ ಅಮೆರಿಕದ ಮಾರ್ಗಸೂಚಿ, ಹೆರಿಗೆ ನೋವು ಶುರುವಾಗದೆ, ನೆತ್ತಿನೀರು ಒಡೆಯದೆ, ತಾಯಿಯ ಬಿ.ಪಿ.ಯಂಥ ಕಾರಣಕ್ಕೆ ಸಿಸೇರಿಯನ್ ಆದ ಮಕ್ಕಳಲ್ಲಿ ಹುಟ್ಟಿನ ನಂಜಿನ ಅಪಾಯ ತೀರಾ ಕಡಿಮೆ ಎನ್ನುತ್ತದೆ. ನಮ್ಮ ಕೂಸು ಇದೇ ಗುಂಪಿನದು. ಆದರೆ ದೆಹಲಿಯ ಲೆಕ್ಕ ಓದಿದ ಮೇಲೆ, ನಮ್ಮ ವೈದ್ಯರು ಎರಡು ದಿನ ಕೊಟ್ಟು ನಿಲ್ಲಿಸಿದ್ದೇ ಇಲ್ಲಿಗೆ ಹೊಂದುವ ದಾರಿ ಎನ್ನಿಸಿತು.

ಔಷಧ ಕಡಿಮೆ ಮಾಡುವುದರಷ್ಟೇ ಮುಖ್ಯ ಅದರ ಜಾಗಕ್ಕೆ ಏನು ಬರುತ್ತದೆ ಎನ್ನುವುದು. ಉತ್ತರ ತಾಯಿಯ ಹಾಲು. ಅಲನ್ ಲೂಕಸ್ ಮತ್ತು ಟಿಮ್ ಕೋಲ್ 926 ಅವಧಿಪೂರ್ವ ಮಕ್ಕಳನ್ನು ನೋಡಿ 1990ರಲ್ಲಿ ಬರೆದದ್ದು ಇವತ್ತಿಗೂ ಅಲುಗಿಲ್ಲ. ಬರೀ ಡಬ್ಬಿ ಹಾಲು ಕುಡಿದವರಲ್ಲಿ ನೆಕ್, ಬರೀ ಎದೆಹಾಲು ಕುಡಿದವರಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚು. ಎದೆಹಾಲಿನ ಕೆಲವು ಸಕ್ಕರೆಗಳನ್ನು ಮಗುವೇ ಅರಗಿಸಿಕೊಳ್ಳಲಾರದು. ಅವು ಇರುವುದು ಬೈಫಿಡೊ ಬ್ಯಾಕ್ಟೀರಿಯಾಗಳ ಊಟಕ್ಕೆ. ತಾಯಿಗೆ ಹಾಲು ಇಳಿಯದಿದ್ದಾಗ ದಾನಿ ತಾಯಂದಿರ ಹಾಲು ಸಿಗುವಂತೆ ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ತೆರೆದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಈಗ ಅಂಥದ್ದಿದೆ. ಇದು ಜಿಲ್ಲೆಗೊಂದು ಆಗಬೇಕು.

ಮತ್ತೊಂದು ತಾಯಿಯ ಎದೆಯ ಬಿಸುಪು, ಕಾಂಗರೂ ಆರೈಕೆ. ಭಾರತ ಸೇರಿ ಐದು ದೇಶಗಳ 3,211 ಸಣ್ಣ ಮಕ್ಕಳ ಮೇಲೆ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕಟ್ಟಿದ ಮಕ್ಕಳಲ್ಲಿ ಸಾವು ನೂರಕ್ಕೆ 12.0, ಸ್ಥಿತಿ ಸುಧಾರಿಸಿದ ಮೇಲೆ ಕಟ್ಟಿದವರಲ್ಲಿ 15.7. ನಂಜಿನ ಶಂಕೆಯೂ ಕಡಿಮೆಯಾಯಿತು. ಶಂಕೆ ಕಡಿಮೆಯಾದರೆ ಆಂಟಿಬಯೋಟಿಕ್ ಶುರುವಾಗುವುದೂ ಕಡಿಮೆ ಎಂದೇ ಅರ್ಥ. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನವರು ಸರ್ಕಾರಿ ಆರೋಗ್ಯ ವ್ಯವಸ್ಥೆಯ ಜೊತೆ ಸೇರಿ ಈ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೂ ಒಯ್ದು ತೋರಿಸಿದ್ದಾರೆ.

ಪ್ರೊಬಯೋಟಿಕ್, ಅಂದರೆ ಸೌಮ್ಯ ಬ್ಯಾಕ್ಟೀರಿಯಾಗಳನ್ನೇ ಮಗುವಿಗೆ ಕೊಡುವ ಬಗ್ಗೆ ಎಲ್ಲರೂ ಕೇಳುತ್ತಾರೆ. 2013ರ ಆಸ್ಟ್ರೇಲಿಯಾ–ನ್ಯೂಜಿಲೆಂಡ್ ಪ್ರಯೋಗದಲ್ಲಿ 1,099 ಮಕ್ಕಳಲ್ಲಿ ನೆಕ್ ನೂರಕ್ಕೆ 4.4ರಿಂದ 2.0ಕ್ಕೆ ಇಳಿಯಿತು. 2016ರ ಬ್ರಿಟನ್ ಪ್ರಯೋಗದಲ್ಲಿ, 1,310 ಮಕ್ಕಳಲ್ಲಿ, ಬೇರೊಂದು ತಳಿಯಿಂದ ಏನೂ ಪ್ರಯೋಜನವಾಗಲಿಲ್ಲ. 2023ರಲ್ಲಿ ಕೊಟ್ಟ ಬ್ಯಾಕ್ಟೀರಿಯಾವೇ ರಕ್ತಕ್ಕಿಳಿದು ಒಂದು ಮಗು ಸತ್ತಾಗ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ತಳಿ, ಗುಣಮಟ್ಟ, ಪ್ರಮಾಣ ತಿಳಿದ ಘಟಕಗಳಿಗೆ ಬಿಟ್ಟ ವಿಷಯ ಅದು. ಅಂಗಡಿಯಿಂದ ಪೊಟ್ಟಣ ತಂದು ಕೊಡುವಂಥದ್ದಲ್ಲ.

ಅಕ್ಕನಿಗೆ ಅವತ್ತು ಆ ಡಾಕ್ಟರು ಇಷ್ಟೆಲ್ಲ ಹೇಳಲಿಲ್ಲ. ಹೊರಗೆ ಇನ್ನೂ ಆರು ಮನೆಯವರು ಕಾಯುತ್ತಿದ್ದರು. "ಅಮ್ಮಾ, ಮಗು ಚೆನ್ನಾಗಿದೆ ಅಂತ ಬಿಡ್ತಾ ಇಲ್ಲ, ಕಣ್ಣಿಟ್ಟೇ ಇರ್ತೀವಿ. ಏನಾದ್ರೂ ಅನುಮಾನ ಬಂದ್ರೆ ಹತ್ತು ನಿಮಿಷದಲ್ಲಿ ಮತ್ತೆ ಶುರು ಮಾಡ್ತೀವಿ. ನೀವು ಈಗ ಮಗಳ ಹತ್ರ ಹೋಗಿ ಹಾಲು ಹಿಂಡಿಸ್ಕೊಂಡು ಬನ್ನಿ" ಅಂದರು. ಅಕ್ಕ ಮರುಮಾತಾಡದೆ ವಾರ್ಡಿಗೆ ಹೋದಳು. ಕುದಿಸಿ ಆರಿಸಿದ ಸ್ಟೀಲ್ ಬಟ್ಟಲಿನಲ್ಲಿ ಅರ್ಧ ಗಂಟೆ ಕಷ್ಟಪಟ್ಟು ತಂದದ್ದು ಒಂದು ಚಮಚದಷ್ಟು ಹಳದಿ ಹಾಲು. ಸಿಸ್ಟರ್ ಅದರಲ್ಲಿ ಎರಡು ಮಿಲಿಲೀಟರ್ ಅಳೆದು, ಸಿರಿಂಜನ್ನು ನೆಟ್ಟಗೆ ಹಿಡಿದು, ತಾನಾಗಿ ಇಳಿಯಲು ಬಿಟ್ಟರು. ಇಳಿದು ಮುಗಿಯಲು ಐದು ನಿಮಿಷ ಹಿಡಿಯಿತು. ಆಮೇಲೆ ಹೊಟ್ಟೆಯ ಸುತ್ತ ಟೇಪು ಹಿಡಿದು ನೋಡಿ ಬರೆದುಕೊಂಡರು. 21 ಸೆಂಟಿಮೀಟರ್, ನಿನ್ನೆಯಷ್ಟೇ.